ಹೆಬ್ಬಾರರ ಬಚ್ಚಲುಮನೆಗೆ ವಿಮೆ

ನೆರೂಳದ ನಮ್ಮ ಸೊಸೈಟಿಯಲ್ಲಿ ಎದುರು ಬಾಗಿಲಿನ ರಮಾಕಾಂತ ಹೆಬ್ಬಾರರು ಹಾಲಿನವನನ್ನು ನಂಬುವುದಿಲ್ಲ, ಆದ್ದರಿಂದ ಲ್ಯಾಕ್ಟೋಮೀಟರ್ ಇಟ್ಟುಕೊಂಡಿದ್ದಾರೆ. ಲ್ಯಾಕ್ಟೋಮೀಟರನ್ನೂ ನಂಬುವುದಿಲ್ಲ, ಆದ್ದರಿಂದ ಎರಡು ಇಟ್ಟುಕೊಂಡಿದ್ದಾರೆ. ಎರಡೂ ಒಂದೇ ಅಂಕ ತೋರಿಸಿದ ದಿನ ಸಮಾಧಾನವಾಗುವ ಬದಲು, ಇವೆರಡೂ ಒಂದೇ ಅಂಗಡಿಯವಲ್ಲವೇ ಎಂಬ ಯೋಚನೆ ಅವರಿಗೆ ಹತ್ತುತ್ತದೆ.

ಇದು ಹುಟ್ಟುಗುಣವಲ್ಲ, ಕಸುಬಿನಿಂದ ಬಂದದ್ದು. ಉಡುಪಿ ಕಡೆಯಿಂದ ಕಲ್ಯಾಣಕ್ಕೆ ಬಂದು, ಸೋದರಮಾವನ ಹೋಟೆಲಿನ ಗಲ್ಲಾದ ಪಕ್ಕ ನಿಂತು, ಸಂಜೆ ಕಾಲೇಜು ಮುಗಿಸಿ, ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗ ಸೇರಿದರು. ಅಲ್ಲೇ ನಿವೃತ್ತರಾದರು. "ನನ್ನ ಸಹಿ ಇಲ್ಲದೆ ಒಂದು ವಾಷರ್ ಕೂಡ ಗೇಟು ದಾಟಿದ್ದಿಲ್ಲ" ಎನ್ನುವುದು ಅವರ ಆತ್ಮಕತೆಯ ಸಾರಾಂಶ. ಅವರ ಕಾಲದಲ್ಲೇ ಒಂದಿಡೀ ನೀರಿನ ಪಂಪು ಗೇಟು ದಾಟಿತ್ತೆಂದು ಅವರ ಹಳೆಯ ಸಹೋದ್ಯೋಗಿಯೊಬ್ಬರು ಒಮ್ಮೆ ಗೃಹಪ್ರವೇಶದ ಪಂಕ್ತಿಯಲ್ಲಿ ಹೇಳಿದರು. ಹೆಬ್ಬಾರರು ಪಾಯಸದ ಲೋಟ ಕೆಳಗಿಟ್ಟು, "ಅದು ಬೇರೆ ವಿಷಯ. ಪಂಪಿಗೆ ನನ್ನ ಸಹಿ ಇತ್ತು" ಎಂದರು.

ಇಂಥವರು ಲೆಕ್ಕ ಕೇಳದೆ ನಂಬಿದ್ದು ಒಬ್ಬರನ್ನೇ, ಹೆಂಡತಿ ವನಮಾಲಮ್ಮನನ್ನು. ಅವರ ಎರಡೂ ಮೊಣಕಾಲುಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ ಎಂದರು ಡಾಕ್ಟರು. ಹೆಬ್ಬಾರರ ಮನೆಯಲ್ಲಿದ್ದದ್ದು ಹಳೇ ಪದ್ಧತಿಯ, ಕುಕ್ಕರಗಾಲಲ್ಲೇ ಕೂರಬೇಕಾದ ಕಕ್ಕಸು. "ಅದಕ್ಕೆಲ್ಲ ಕುರ್ಚಿ ಎಂತದಕ್ಕೆ?" ಎಂದು ಅವರ ತಾಯಿ ಹೇಳಿದ ಮಾತು ತಾಯಿ ತೀರಿಕೊಂಡ ಮೇಲೂ ಜಾರಿಯಲ್ಲಿತ್ತು. ಹೀಗಾಗಿ ವನಮಾಲಮ್ಮ ಆಸ್ಪತ್ರೆಯಿಂದ ನೇರ ಡೊಂಬಿವಲಿಗೆ, ತಂಗಿ ದಮಯಂತಿಯ ಮನೆಗೆ ಹೋದರು. ಅಲ್ಲಿ ಕಮೋಡ್ ಇತ್ತು. ನೆರೂಳದಲ್ಲಿ ಕಮೋಡ್ ಕೂತ ದಿನ ಅವರು ಮನೆಗೆ ಬರುವುದೆಂದು ಮಾತಾಯಿತು.

ಮೊದಲ ಕಂತ್ರಾಟುದಾರ ಬಂದ ದಿನವೇ ಹಳೆಯದನ್ನು ಕಿತ್ತು ಹಾಕಿದ. ಮರುದಿನ ಬಂದು ನೋಡಿದರೆ ಎಲ್ಲ ಸಿಮೆಂಟು ಚೀಲಗಳ ಮೇಲೂ ಹೆಬ್ಬಾರರ ಸಹಿ, ದಪ್ಪ ಸ್ಕೆಚ್ ಪೆನ್ನಿನಲ್ಲಿ. "ಖಾಲಿಯಾದ ಮೇಲೆ ಸಹಿ ಸಮೇತ ಚೀಲ ವಾಪಸು ಕೊಡಬೇಕು" ಎಂದರು. ಅವನು ಸಹಿಯನ್ನು ನೋಡಿದ, ಹೆಬ್ಬಾರರನ್ನು ನೋಡಿದ, ಪಾನ್ ಉಗುಳಿ ಬರುತ್ತೇನೆಂದು ಕೆಳಗೆ ಹೋದ. ಇನ್ನೂ ಉಗುಳುತ್ತಿದ್ದಾನೆ.

ಹೆಬ್ಬಾರರ ಮನೆಯಲ್ಲಿ ಉಳಿದದ್ದು ಒಂದು ಗುಂಡಿ. ಅಂದಿನಿಂದ ಅವರು ಬೆಳಿಗ್ಗೆ ಟವೆಲ್ ಹೆಗಲಿಗೆ ಹಾಕಿ ನಮ್ಮ ಮನೆಗೆ ಬರತೊಡಗಿದರು. ಹೊರಗೆ ಬಂದವರು ಉಪಕಾರ ಸ್ಮರಣೆ ಮಾಡುವ ಬದಲು, "ನಿಮ್ಮ ಫ್ಲಶ್ ನೀರು ಸ್ವಲ್ಪ ಜಾಸ್ತಿ ಬಿಡ್ತದೆ ಮಾರಾಯ್ರೆ, ಪ್ಲಂಬರ್ ನಿಮಗೆ ಟೋಪಿ ಹಾಕಿದ್ದಾನೆ" ಎನ್ನುತ್ತಿದ್ದರು.

ಈ ನಡುವೆ ಅವರ ಕೈಗೆ ಮನೆಯ ಹಳೇ ವಿಮೆಯ ಕಾಗದ ಸಿಕ್ಕಿತು. ಮನೆಸಾಲದ ಕಾಲದಿಂದ ವರ್ಷಕ್ಕೊಮ್ಮೆ ಹಣ ಕಟ್ಟುತ್ತಾ ಬಂದದ್ದು. ಇರುವೆಸಾಲಿನಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದರೆ, ಮನೆಯನ್ನು ಒಡೆದು ಕಟ್ಟುವ ಕೆಲಸದಿಂದ ಆಗುವ ನಷ್ಟಕ್ಕೆ ಇದು ಅನ್ವಯಿಸುವುದಿಲ್ಲ ಎಂಬ ಸಾಲು! ಕಾಗದ ಹಿಡಿದು ನಮ್ಮ ಮನೆಗೆ ಓಡಿ ಬಂದರು.

"ನೋಡಿದ್ರಾ? ಭೂಕಂಪ ಆದ್ರೆ ಕೊಡ್ತಾರಂತೆ, ಬಚ್ಚಲು ರಿಪೇರಿ ಆದ್ರೆ ಇಲ್ಲವಂತೆ. ಅಂದ್ರೆ ಮನೆ ಸುಮ್ಮನೆ ಕೂತಿದ್ರೆ ಮಾತ್ರ ವಿಮೆ!"

ಮೋಸವೊಂದು ಸಿಕ್ಕಿತೆಂಬ ಸಂತೋಷದಿಂದ ಅವರ ಮುಖ ಬೆಳಗುತ್ತಿತ್ತು.

ಅದಕ್ಕೇ ಏಜೆಂಟ್ ಪೃಥ್ವಿರಾಜನನ್ನು ಕರೆಸಿದರು. ನಮ್ಮ ಕಡೆಯವನೇ, ಆದರೆ ಹುಟ್ಟಿ ಬೆಳೆದದ್ದು ಠಾಣೆ. ಕನ್ನಡ ಅವನ ಕಿವಿಯೊಳಗೆ ಹೋಗುತ್ತದೆ, ಬಾಯಿಂದ ಹಿಂದಿಯಾಗಿ ಬರುತ್ತದೆ. ಕೆಲಸ ನಡೆಯುವಷ್ಟು ಕಾಲಕ್ಕೆಂದೇ ಬೇರೆ ವಿಮೆ ಇದೆ, ಗೋಡೆ ಬಿದ್ದರೂ, ಕೆಳಗಿನವರ ಛಾವಣಿ ಸೋರಿದರೂ, ಕೆಲಸಗಾರರಿಗೆ ಏಟಾದರೂ ಪರಿಹಾರ ಉಂಟು ಎಂದು ಅವನು ವಿವರಿಸಿದ.

"ಸುತ್ತಿಗೆ ಕೆಳಗೆ ಯಾರದ್ದಾದರೂ ತಲೆ ಮೇಲೆ ಬಿದ್ರೆ?"

"ಕವರ್ಡ್ ಹೈ, ಅಂಕಲ್."

"ಸುತ್ತಿಗೆ ಕಳವಾದ್ರೆ?"

"ಅಂಕಲ್, ಸುತ್ತಿಗೆ ತೋ ಮಿಸ್ತ್ರಿ ಕಾ ಹೈ."

"ಅವನ ಸುತ್ತಿಗೆಯನ್ನು ಅವನೇ ಕದ್ರೆ?"

ಪೃಥ್ವಿರಾಜ್ ನೀರು ಕೇಳಿದ.

ಕೆಲಸಕ್ಕೆ ಸಿಕ್ಕವನು ಮಾಪಣ್ಣ. ವಿಜಯಪುರದ ಕಡೆಯವನು. ಕಲ್ಯಾಣದಲ್ಲಿ ಬಾಡಿಗೆ ಖೋಲಿ. ಠಾಣೆಯಲ್ಲಿ ಲೋಕಲ್ ಬದಲಿಸಿ ನೆರೂಳಕ್ಕೆ ಬರುತ್ತಿದ್ದ. ಜೊತೆಗೆ ಹೆಂಡತಿ ಸಾಬವ್ವ. ಅವನು ಒಡೆದದ್ದನ್ನು ಬುಟ್ಟಿಯಲ್ಲಿ ತುಂಬಿ ತಲೆಮೇಲೆ ಹೊತ್ತು ಕೆಳಗೆ ಸುರಿಯುವವಳು ಅವಳು. ಮಾಪಣ್ಣನದು ಮಾತು ಕಡಿಮೆ. ಅವನ ಪಾಲಿನದನ್ನೂ ಸಾಬವ್ವನೇ ಆಡುತ್ತಿದ್ದಳು. ಚೀಲದ ಮೇಲಿನ ಸಹಿ ನೋಡಿ ಅವಳು, "ಯಾರ್ರೀ ಇವರು, ಚೀಲದ ಮ್ಯಾಗ ಹೆಸರು ಹಾಕಿಸಿಗೊಂಡಾರ? ಕಂಪನಿ ಮಾಲಕರೇನು?" ಎಂದು ಕೇಳಿದಳು. ಹೆಬ್ಬಾರರಿಗೆ ಇದು ಹೊಗಳಿಕೆಯಂತೆ ಕೇಳಿಸಿತು.

ವಿಮೆಯ ಕಾಗದ ತುಂಬಲು ಎಲ್ಲರೂ ಹೆಬ್ಬಾರರ ಹಾಲ್‌ನಲ್ಲಿ ಕೂತೆವು. ಮಾಪಣ್ಣನ ಹೆಸರಾಯಿತು, ವಯಸ್ಸಾಯಿತು, ಮೊಬೈಲಿನಲ್ಲಿ ಫೋಟೋ ಆಯಿತು. ಪೃಥ್ವಿರಾಜ್ ತಲೆಯೆತ್ತದೆ ಕೇಳಿದ: "ನಾಮಿನೀ ಕೌನ್?"

"ಹಂಗಂದ್ರೇನ್ರೀ?" ಎಂದಳು ಸಾಬವ್ವ.

ಹೆಬ್ಬಾರರು ಗಂಟಲು ಸರಿಮಾಡಿಕೊಂಡರು. ಕಾನೂನಿನ ವಿಷಯ ವಿವರಿಸುವಾಗ ಅವರ ದನಿ ಒಂದು ಮೆಟ್ಟಿಲು ಮೇಲೇರುತ್ತದೆ. "ಅಂದ್ರೆ, ನೋಡಮ್ಮ, ಕೆಲಸ ಮಾಡುವಾಗ ಮಾಪಣ್ಣನಿಗೆ ಏನಾದರೂ ಆಯ್ತು ಅಂತ ಇಟ್ಟುಕೋ…"

"ಯಾಕ್ ಇಟ್ಕೋಲ್ರೀ?"

"ಒಂದು ಮಾತಿಗೆ ಹೇಳುದು. ಆದ್ರೆ, ಹಣ ಯಾರಿಗೆ ಸಿಗಬೇಕು ಅಂತ."

"ರೊಕ್ಕ ಯಾರು ತುಂಬಾಕತ್ತಾರು?"

"ನಾನು."

"ನನ್ನ ಗಂಡಗ ಏನರ ಆದ್ರ ರೊಕ್ಕ ಬರೂದು ಯಾರಿಗೆ?"

"ನಿನಗೇ, ಮತ್ತೆ!"

ಸಾಬವ್ವ ತಲೆಯ ಮೇಲಿನ ಸಿಂಬಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ನಂಗ ಬರೂ ರೊಕ್ಕಕ್ಕ ನೀವ್ಯಾಕ ತುಂಬ್ತೀರಿ, ಸಾಹೇಬ್ರ? ನಿನ್ನೆ ಚಾ ಕೇಳಿದ್ರ ಸಕ್ಕರಿ ತುಟ್ಟಿ ಆಗೇತಿ ಅಂದವರು ನೀವು."

ಜೀವಮಾನವಿಡೀ ಊರನ್ನೆಲ್ಲ ಅನುಮಾನಿಸಿದ ಮನುಷ್ಯ ಒಂದು ಸಲ ಒಳ್ಳೆಯ ಕೆಲಸ ಮಾಡಲು ಹೊರಟರೆ ಅದರಷ್ಟು ಅನುಮಾನಾಸ್ಪದವಾದದ್ದು ಇನ್ನೊಂದಿಲ್ಲ. ನಾಳೆ ಯಾರೂ ತಮ್ಮನ್ನು ಕೋರ್ಟಿಗೆ ಎಳೆಯಬಾರದೆಂಬ ಮುಂಜಾಗ್ರತೆ ಇದು ಎಂದು ಹೆಬ್ಬಾರರು ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ.

ಅಷ್ಟರಲ್ಲಿ ಪೃಥ್ವಿರಾಜ್ ಎರಡನೆಯ ಕಾಗದ ತೆಗೆದ. ಸಾಬವ್ವನೂ ಕೆಲಸಗಾರಳಲ್ಲವೇ? ಅವಳ ನಾಮಿನಿ ಮಾಪಣ್ಣ. ಇಬ್ಬರ ಹೆಸರನ್ನೂ ನೋಡಿ, ಇಬ್ಬರಿಗೂ ಒಟ್ಟಿಗೇ ಏನಾದರೂ ಆದರೆ ಹಣ ಯಾರಿಗೆಂದು ಅವನು ಪೆನ್ನು ಕಚ್ಚಿದ. "ಅಂಕಲ್, ದೋನೋ ಏಕ್ ಹೀ ಬಾತ್‌ರೂಮ್ ಮೇ ಹೈ. ದೋನೋ ಕೋ ಕುಛ್ ಹುವಾ ತೋ? ಏಕ್ ತೀಸ್‌ರಾ ನಾಮ್ ಭೀ ಚಾಹಿಯೇ."

ಸಾಬವ್ವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು.

"ಏಳು, ಮನಿಯಾವನ!" ಎಂದು ಗಂಡನನ್ನು ಎಬ್ಬಿಸುತ್ತಾ ಎದ್ದಳು. "ಇಬ್ಬರನ್ನೂ ಕೂಡೇ ಹಾಕಾಕ ಹೊಂಟಾರ ಇವರು! ಭಿವಂಡ್ಯಾಗ ಗೋದಾಮು ಕಟ್ಟೂ ಮುಂದ ಸೇಟ ಬಂದು ಹಿಂಗ ಎಲ್ಲಾರ ಫೋಟೋ ತಕ್ಕೊಂಡ. ಆಮ್ಯಾಲೆ ಗ್ವಾಡಿ ಬಿತ್ತು."

"ಫೋಟೋ ತೆಗೆದ್ರೆ ಗೋಡೆ ಬೀಳ್ತದಾ, ಮಾರಾಯ್ತಿ?"

"ಮದ್ಲ ಯಾವುದು ಆತು, ಹೇಳ್ರಿ ನೋಡೂಣು?"

ಮಾಪಣ್ಣ ಸುತ್ತಿಗೆ, ಉಳಿ, ಕರಣೆ ಎಲ್ಲ ಚೀಲಕ್ಕೆ ಹಾಕಿಕೊಂಡ. ಬಾಗಿಲಲ್ಲಿ ಹೆಬ್ಬಾರರು ಅಭ್ಯಾಸ ಬಲದಿಂದ ಚೀಲ ತೆಗೆಸಿ ನೋಡಿದರು. ಇದ್ದದ್ದೂ ಕೆಟ್ಟಿತು.

ಅವತ್ತು ಸಂಜೆ ವನಮಾಲಮ್ಮನ ಫೋನು ಬಂದಾಗ ಹೆಬ್ಬಾರರು ನಮ್ಮ ಮನೆಯಲ್ಲೇ ಇದ್ದರು. ಕೆಲಸ ಎಲ್ಲಿಗೆ ಬಂತು ಎಂದು ಅವರು ಕೇಳಿದರು. "ನಡೀತಾ ಉಂಟು" ಎಂದರು ಇವರು, ಗುಂಡಿಯನ್ನು ನೆನೆದು.

ದಮಯಂತಿಯ ಸೊಸೆಗೆ ಬರುವ ಭಾನುವಾರ ಸೀಮಂತ. ಶನಿವಾರವೇ ಬೀಗರು ಬರುತ್ತಾರೆ. ಇರುವುದು ಒಂದೇ ಬಚ್ಚಲು. ವನಮಾಲಮ್ಮ ವಾಕರ್ ಹಿಡಿದು ಹೋಗಿ ಬರುವಷ್ಟರಲ್ಲಿ ಹೊರಗೆ ಜನ ನಿಲ್ಲಬೇಕಾಗುತ್ತದೆ.

"ದಮಯಂತಿ ಏನಾದ್ರೂ ಹೇಳಿದಳಾ?"

"ಇಲ್ಲ. ಯಾರೂ ಏನೂ ಹೇಳುದಿಲ್ಲ. ನಾನು ಎದ್ದ ಕೂಡ್ಲೆ ಎಲ್ಲರೂ ಟಿವಿ ನೋಡ್ತಾರೆ. ಅದಕ್ಕೇ ಹೇಳುದು, ಶನಿವಾರದ ಒಳಗೆ ನನ್ನನ್ನು ಮನೆಗೆ ಕರ್ಕೊಂಡು ಹೋಗಿ."

ಹೆಬ್ಬಾರರು ಫೋನಿಟ್ಟು ಟವೆಲ್ ಹೆಗಲಿಗೆ ಹಾಕಿಕೊಂಡರು. ಅಂದು ನಮ್ಮ ಫ್ಲಶ್ಶಿನ ಬಗ್ಗೆ ಏನೂ ಹೇಳದೆ ಎದ್ದು ಹೋದರು.

ಮರುದಿನ ಕಲ್ಯಾಣಕ್ಕೆ ಹೊರಟರು. ನನ್ನನ್ನು ಸಾಕ್ಷಿಗೆಂದು ಕರೆದುಕೊಂಡು ಹೋದರು. ಯಾವುದರ ಸಾಕ್ಷಿ ಎಂದು ಅವರಿಗೂ ಗೊತ್ತಿರಲಿಲ್ಲ. ರಿಕ್ಷಾದಿಂದ ಇಳಿದು, ಮೀಟರಿನ ಬಗ್ಗೆ ಚಾಲಕನೊಂದಿಗೆ ವಿಚಾರ ವಿನಿಮಯ ಮಾಡಿ, ಮಾಪಣ್ಣನ ಖೋಲಿ ಹುಡುಕಿ ಹೋದರೆ ಸಾಬವ್ವ ಬಾಗಿಲಲ್ಲೇ ರೊಟ್ಟಿ ತಟ್ಟುತ್ತಾ ಕೂತಿದ್ದಳು.

"ಏನು ಸಾಹೇಬ್ರ, ಕಲ್ಯಾಣಕ್ಕೂ ಬಂದ್ರಿ ಫೋಟೋ ತಗ್ಯಾಕ?"

ಹೆಬ್ಬಾರರು ವಿಮೆಯ ವಿಷಯ ತೆಗೆಯಲಿಲ್ಲ. ಹೆಂಡತಿಯ ಮೊಣಕಾಲಿನ ವಿಷಯ ಹೇಳಿದರು, ಡೊಂಬಿವಲಿಯ ಬಚ್ಚಲಿನ ವಿಷಯ ಹೇಳಿದರು. ಟಿವಿಯ ಮಾತು ಬಂದಾಗ ಸಾಬವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಅವ್ವಾರ ಸಲುವಾಗಿ ಬರ್ತೀವ್ರಿ," ಎಂದಳು. "ಆದ್ರ ಒಂದು ಮಾತು. ಪಾಲಿಸಿನಾಗ ನಿಮ್ಮ ಹೆಸರೂ ಇರ್ಲಿ. ನನ್ನ ಗಂಡ ಎಲ್ಲಿ ಕುಂತು ಒಡೀತಾನೋ ನೀವೂ ಅಲ್ಲೇ ಕುಂದರಬೇಕು. ಬಿದ್ರ ಎಲ್ಲಾರ ಮ್ಯಾಗೂ ಬೀಳ್ಲಿ."

ಹೆಬ್ಬಾರರ ಮುಖ ಅರಳಿತು. ಇಡೀ ದಿನ ಕೆಲಸದವರ ಮುಂದೆ ಕಾವಲು ಕೂರಬೇಕೆಂಬುದು ಮೊದಲಿನಿಂದಲೂ ಅವರದೇ ಆಸೆ. ಅದನ್ನು ಕೆಲಸದವರೇ ಶರತ್ತಾಗಿ ಹಾಕುವುದೆಂದರೆ! ಚಹಾ ಬಂತು. ಹಾಲನ್ನು ಕಣ್ಣಲ್ಲೇ ಅಳೆದು ಕುಡಿದರು. ಇನ್ನೊಂದು ಲೋಟವನ್ನೂ ಕುಡಿದರು.

ಹೊರಗೆ ಬಂದು ಪೃಥ್ವಿರಾಜನಿಗೆ ಫೋನು ಮಾಡಿದಾಗ ಸಮಸ್ಯೆ ಗೊತ್ತಾಯಿತು. ಕೆಲಸಗಾರರ ಅಪಘಾತದ ವಿಮೆಯಲ್ಲಿ ಕೆಲಸ ಮಾಡಿಸುವ ಯಜಮಾನನ ಹೆಸರು ಸೇರಿಸಲು ಬರುವುದಿಲ್ಲ. "ಅಂಕಲ್, ಆಪ್ ಥೋಡೀ ಮಜ್ದೂರ್ ಹೋ!" ಎಂದು ಅವನು ನಕ್ಕ. ಹೆಬ್ಬಾರರು ಹಿಂದಿರುಗಿ ಖೋಲಿಯ ಕಡೆ ನೋಡಿದರು. ಸಾಬವ್ವ ಬಾಗಿಲಿಂದ ಇವರನ್ನೇ ನೋಡುತ್ತಿದ್ದಳು. ಅವರು ದೊಡ್ಡ ದನಿಯಲ್ಲಿ, "ಆಯ್ತು ಆಯ್ತು, ನನ್ನ ಹೆಸರೂ ಬರೀಲಿ" ಎಂದು ಫೋನಿಗೆ ಹೇಳಿದರು. ಫೋನು ಆಗಲೇ ಕಟ್ಟಾಗಿತ್ತು.

ಕೆಲಸ ಶುರುವಾಯಿತು. ಬಚ್ಚಲಿನ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಹೆಬ್ಬಾರರು ಕೂತರು, ತಲೆಗೆ ಹಳೇ ಸ್ಕೂಟರಿನ ಹೆಲ್ಮೆಟ್ಟು. ಮಾಪಣ್ಣ ಸಿಮೆಂಟು ಕದಿಯದಂತೆ ಅವರು ಮಾಪಣ್ಣನನ್ನು ಕಾಯುತ್ತಿದ್ದರು. ಹೆಬ್ಬಾರರು ಎದ್ದು ಹೋಗದಂತೆ ಸಾಬವ್ವ ಹೆಬ್ಬಾರರನ್ನು ಕಾಯುತ್ತಿದ್ದಳು. ಬುಟ್ಟಿ ಹೊತ್ತು ಕೆಳಗೆ ಹೋದವಳು ಮೆಟ್ಟಿಲಿನಿಂದಲೇ ಕೂಗುವಳು: "ಸಾಹೇಬ್ರ, ಕುಂತೀರೇನ್ರೀ?"

"ಕೂತಿದ್ದೇನೆ ಮಾರಾಯ್ತಿ!"

"ಹೆಲ್ಮೆಟ್ ತಗೀರಿ. ನನ್ನ ಗಂಡಗ ಇಲ್ಲದ್ದು ನಿಮಗ್ಯಾಕ?"

ಮರುದಿನ ಹೆಬ್ಬಾರರು ಇನ್ನೊಂದು ಹೆಲ್ಮೆಟ್ಟು ತಂದರು. ಮಾಪಣ್ಣ ಅದನ್ನು ಹಾಕಿಕೊಂಡು ಸ್ಕೂಟರ್ ಓಡಿಸುವವನ ಗಾಂಭೀರ್ಯದಲ್ಲಿ ಗೋಡೆ ಒಡೆದ. ಆಮೇಲೆ ಸಾಬವ್ವನ ತಲೆಗೆ ನನ್ನ ಹೆಲ್ಮೆಟ್ಟು ಹೋಯಿತು. ಅದರ ಮೇಲೆ ಸಿಂಬಿ ನಿಲ್ಲುವುದಿಲ್ಲವೆಂದು ಅವಳೇ ವಾಪಸು ಕೊಟ್ಟಳು.

ನೆಲಕ್ಕೆ ನೀರು ಇಂಗದಂಥ ಲೇಪ ಹಾಕಿಯಾಯಿತು. ಟೈಲ್ಸ್ ಕೂರಿಸುವ ಮುಂಚೆ ಬಚ್ಚಲಿನ ತೂಬು ಮುಚ್ಚಿ, ನೀರು ತುಂಬಿಸಿ ಬಿಡುವುದು ಪದ್ಧತಿ. ನೀರು ಹಾಗೇ ನಿಂತರೆ ಲೇಪ ಸರಿ, ಇಳಿದರೆ ಕೆಳಗಿನವರ ತಲೆಗೆ ಸೋರಿತೆಂದು ಅರ್ಥ. ಹೆಬ್ಬಾರರು ನೀರಿನ ಮಟ್ಟಕ್ಕೆ ಸರಿಯಾಗಿ ಗೋಡೆಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಸಹಿ ಹಾಕಿದರು. ಆದರೂ ನಂಬಿಕೆಯಿಲ್ಲ. ತಾವಿಲ್ಲದಾಗ ಮಾಪಣ್ಣ ತಂಬಿಗೆಯಲ್ಲಿ ನೀರು ಸುರಿದು ಮಟ್ಟ ಸರಿಮಾಡಿದರೆ?

ಗುರುವಾರ ಮಧ್ಯಾಹ್ನ ಮಾಪಣ್ಣ ಬುತ್ತಿ ಬಿಚ್ಚಿ ಕೂತಾಗ, ಹೆಬ್ಬಾರರು ಪಂಚೆ ಎತ್ತಿ ಕಟ್ಟಿ, ಭೂತಗನ್ನಡಿ ಹಿಡಿದು, ತಮ್ಮ ಸಹಿಯನ್ನು ತಾವೇ ಪರೀಕ್ಷಿಸಲು ನೀರಿಗೆ ಇಳಿದರು. ಗೆರೆಯ ಹತ್ತಿರ ಬಗ್ಗಿದರು. ನೀರು ಇದ್ದಲ್ಲೇ ಇತ್ತು. ಹೆಬ್ಬಾರರು ಇರಲಿಲ್ಲ.

ಸದ್ದು ಕೇಳಿ ನಾನು ಓಡಿ ಹೋದಾಗ ಮಾಪಣ್ಣ ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ್ದ. ಪಾದ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಸಂಜೆ ಮನೆಗೆ ಕಳಿಸಿದರು. ಮೆಟ್ಟಿಲು ಹತ್ತಿಸಿದ್ದು ಮಾಪಣ್ಣನೇ, ಬೆನ್ನ ಮೇಲೆ.

ಸುದ್ದಿ ತಿಳಿದು ಪೃಥ್ವಿರಾಜ್ ಬಂದ. ಪ್ಲಾಸ್ಟರ್ ನೋಡಿ ತಲೆ ಕೆರೆದುಕೊಂಡ. ಅಂಕಲ್ಲಿನ ಹೆಸರು ವಿಮೆಯಲ್ಲಿ ಇಲ್ಲ. ಆದರೆ ದಾರಿ ಇಲ್ಲದಿಲ್ಲ. ದನಿ ತಗ್ಗಿಸಿದ. "ಮಾಪಣ್ಣ ಕಾ ಪೈರ್ ಟೂಟಾ, ಐಸಾ ಲಿಖ್ ದೇತೇ ಹೈ. ಡಾಕ್ಟರ್ ಕೋ ಮೈ ದೇಖ್ ಲೂಂಗಾ."

ಅಡುಗೆಮನೆಯ ಬಾಗಿಲಲ್ಲಿ ಸಾಬವ್ವ ನಿಂತಿದ್ದಳು. ಹಿಂದಿ ಚೆನ್ನಾಗಿ ಬರುತ್ತಿತ್ತು ಎಂದೆನಲ್ಲ.

"ಕೇಳಿದ್ರ್ಯಾ!" ಎಂದು ನನ್ನ ಕಡೆ ತಿರುಗಿದಳು. "ನಾ ಮದ್ಲ ದಿನಾ ಹೇಳಿದ್ನಿಲ್ಲ? ಗ್ವಾಡಿ ಬೀಳ್ಲಿಲ್ಲಂದ್ರ ಕಾಗದದಾಗರ ನನ್ನ ಗಂಡನ ಕಾಲು ಮುರೀತಾರ ಇವರು. ನಾಳೆ ಅಂವ ಕೆಲಸಕ್ಕ ಹ್ವಾದ್ರ ಕಾಲು ಮುರದಾಂವ ಹೆಂಗ್ ಬಂದಿ ಅಂತ ಯಾರರ ಕೇಳಿದ್ರ?"

ಅವಳ ಕೈ ಆಗಲೇ ಬುಟ್ಟಿಯ ಮೇಲಿತ್ತು. ಬಚ್ಚಲಿನಲ್ಲಿ ಟೈಲ್ಸ್ ಇಲ್ಲ, ಕಮೋಡು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲಿ. ಶನಿವಾರ ನಾಡಿದ್ದು. ನನಗೆ ಡೊಂಬಿವಲಿಯ ಟಿವಿ ಕಣ್ಣಿಗೆ ಬಂತು.

ಹೆಬ್ಬಾರರು ಕುರ್ಚಿಯಲ್ಲೇ ನೆಟ್ಟಗೆ ಕೂತರು. ಅವರ ಮುಖದಲ್ಲಿ ಸ್ಟೋರ್ಸ್ ಆಫೀಸರ್ ಕಾಣಿಸಿಕೊಂಡ.

"ಬಿದ್ದವ ನಾನು. ಮುರಿದದ್ದು ನನ್ನ ಕಾಲು. ಅದಕ್ಕೆ ಮಾಪಣ್ಣನ ಹೆಸರು ಎಂತದಕ್ಕೆ? ನನ್ನ ಮಾಲು ಇನ್ನೊಬ್ಬನ ಹೆಸರಲ್ಲಿ ಗೇಟು ದಾಟುವುದಿಲ್ಲ. ಹೋಗು ನೀನು."

ಇದು ಪ್ರಾಮಾಣಿಕತೆಯೋ, ತಮ್ಮ ಮೂಳೆಮುರಿತದ ಕೀರ್ತಿ ಬೇರೆಯವರಿಗೆ ಹೋಗಬಾರದೆಂಬ ಅಭಿಮಾನವೋ, ನಾನು ಇಂದಿಗೂ ಹೇಳಲಾರೆ. ಪೃಥ್ವಿರಾಜ್ ಬ್ಯಾಗು ತೆಗೆದುಕೊಂಡು ಹೊರಟ.

ಸಾಬವ್ವ ಬುಟ್ಟಿ ಬಿಟ್ಟಿರಲಿಲ್ಲ. "ಹೋಗ್ಲಿ, ನಿಮ್ಮ ಹೆಸರೀಲೇ ಬರಸ್ರಲ್ಲ. ಪಾಲಿಸಿನಾಗ ಐತೆಲ್ಲ ನಿಮ್ಮ ಹೆಸರು?"

ಹೆಬ್ಬಾರರು ಪ್ಲಾಸ್ಟರ್ ನೋಡಿಕೊಂಡರು. "ಇಲ್ಲ. ಅವರು ಸೇರಿಸುದಿಲ್ಲ ಅಂದ್ರು. ನಿನಗೆ ಹೇಳಿದ್ರೆ ನೀವು ಬರ್ತಿರಲಿಲ್ಲ."

"ಅಂದ್ರ… ನಮ್ಮಿಬ್ಬರಿಗೆ ಐತಿ. ನಿಮಗಿಲ್ಲ."

"ಇಲ್ಲ."

"ಇಷ್ಟು ದಿನ ಪಾಲಿಸಿ ಇಲ್ಲದನ ಕುಂತಿದ್ರಿ?"

"ಹೆಲ್ಮೆಟ್ ಇತ್ತಲ್ಲ" ಎಂದರು ಹೆಬ್ಬಾರರು ಮೆಲ್ಲಗೆ.

ಸಾಬವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಇದರಲ್ಲೂ ಏನಾದರೂ ಹೂರಣ ಇದೆಯೇ ಎಂದು ಹುಡುಕುವಂತೆ. ಆಮೇಲೆ ಗಂಡನಿಗೆ ಹೇಳಿದಳು: "ನೀರು ತಗಿ. ಟೈಲ್ಸ್ ಹಚ್ಚೂಣು ನಡಿ." ಹೆಬ್ಬಾರರ ಕುರ್ಚಿಯನ್ನು ಅವರ ಸಮೇತ ಹಾಲ್‌ಗೆ ಎಳೆದು, ಪ್ಲಾಸ್ಟರಿನ ಕೆಳಗೆ ಸಿಮೆಂಟಿನ ಖಾಲಿ ಚೀಲ ಮಡಚಿ ಇಟ್ಟಳು. ಸಹಿ ಮೇಲ್ಗಡೆ ಬಂತು.

"ಇಲ್ಲೇ ಕುಂದರ್ರಿ. ಇಲ್ಲಿಂದನೂ ಕಾಣಸ್ತದ."

ಅಲ್ಲಿಂದ ಏನೂ ಕಾಣಿಸುತ್ತಿರಲಿಲ್ಲ. ಹೆಬ್ಬಾರರು ಅಲ್ಲೇ ಕೂತರು.

ಶನಿವಾರ ಬೆಳಿಗ್ಗೆ ವನಮಾಲಮ್ಮನನ್ನು ನಾನೇ ಡೊಂಬಿವಲಿಯಿಂದ ಟ್ಯಾಕ್ಸಿಯಲ್ಲಿ ಕರೆತಂದೆ. ವಾಕರ್ ಹಿಡಿದು ಒಳಗೆ ಬಂದರೆ, ಗಂಡ ಕಾಲು ಚಾಚಿ ಕೂತಿದ್ದಾರೆ. ಹೊಸ ಬಚ್ಚಲು ಹೊಳೆಯುತ್ತಿದೆ. ಕಮೋಡಿನ ಪಕ್ಕ ಗೋಡೆಗೆ ಹಿಡಿಯಲು ಸ್ಟೀಲಿನ ಕಂಬಿ. ಕಂಬಿಯ ಮೇಲೆ ಆಗಲೇ ಬೆರಳಿನ ಗುರುತುಗಳು.

"ಯಾರು ಮುಟ್ಟಿದ್ದು ಇದನ್ನು?"

"ನಾನೇ. ನಿನ್ನೆ ರಾತ್ರಿಯಿಂದ. ಹಿಡಿಯದೆ ಕೂರ್ಲಿಕ್ಕೆ ಆಗುದಿಲ್ಲ ನೋಡು, ಕಾಲು ಹೀಗೆ."

ವನಮಾಲಮ್ಮ ಗಂಡನ ಪ್ಲಾಸ್ಟರನ್ನು ನೋಡಿದರು, ಕಮೋಡನ್ನು ನೋಡಿದರು, ಮತ್ತೆ ಪ್ಲಾಸ್ಟರನ್ನು ನೋಡಿದರು. ಅಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೆ ಗಂಡನ ಗುಣ ಸ್ವಲ್ಪವಾದರೂ ಅಂಟಿರಲೇಬೇಕು.

"ಒಂದು ಕೇಳ್ತೇನೆ. ನಿಜವಾಗಿ ಜಾರಿ ಬಿದ್ದದ್ದೇ ಅಲ್ವಾ? ನನಗಿಂತ ಮೊದಲು ಇದರಲ್ಲಿ ಕೂರುವ ಆಸೆ ಎಂತ ಇರ್ಲಿಲ್ಲ ಅಲ್ವಾ?"

ಹೆಂಡತಿಯ ಅನುಮಾನದ ಆ ತುದಿಯಲ್ಲಿ ಹೆಬ್ಬಾರರು ಇದುವರೆಗೆ ನಿಂತವರೇ ಅಲ್ಲ. ಸಹಾಯಕ್ಕೆ ಸುತ್ತ ನೋಡಿದರು. ನಾನು ಅವರು ಬಿದ್ದ ಮೇಲೆ ಬಂದವನು. ಮಾಪಣ್ಣ ರೊಟ್ಟಿಯ ಕಡೆ ಮುಖ ಮಾಡಿ ಕೂತಿದ್ದವನು.

"ಖರೇನ ಜಾರ್ಯಾರ್ರೀ, ಅವ್ವಾರ," ಎಂದಳು ಸಾಬವ್ವ, ಕೊನೆಯ ಬುಟ್ಟಿ ಎತ್ತುತ್ತಾ. "ನಾ ನೋಡೀನಿ. ಇಷ್ಟು ದಿನ ಇವರ ಮ್ಯಾಗಿಂದ ನಾ ಕಣ್ಣ ತಗದಿಲ್ಲ."

"ನೋಡಿದ್ಯಾ?" ಎಂದರು ಹೆಬ್ಬಾರರು. "ಸಾಕ್ಷಿ ಉಂಟು."

ವನಮಾಲಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಾಲ್‌ನಲ್ಲಿ ಟಿವಿ ಇತ್ತು. ಯಾರೂ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಲಶ್ಶಿನ ಸದ್ದು ಕೇಳಿತು. ಹೆಬ್ಬಾರರು ಕಿವಿ ನಿಮಿರಿಸಿದರು. ಸದ್ದು ಪೂರ್ತಿ ನಿಲ್ಲುವವರೆಗೆ ಕೇಳಿದರು.

"ನಿಮ್ಮದರಷ್ಟು ನೀರು ಬಿಡುದಿಲ್ಲ" ಎಂದರು ನನಗೆ.